ಕುರಿಯ ಗಬ್ಬದ ಮೊದಲ ತಿಂಗಳು

ಸೊಂಡೂರಿನ ಗುಡ್ಡಗಳ ತಪ್ಪಲಿನಲ್ಲಿಯೂ, ಹೊಸಪೇಟೆ ಹಂಪೆಗಳ ಕಾಲುವೆಬದಿಗಳಲ್ಲಿಯೂ, ಕಂಪ್ಲಿಯ ಕೊಯ್ಲಾದ ಗದ್ದೆಗಳಲ್ಲಿಯೂ ಮೇಯುವ ಕುರಿಮಂದೆಗಳು ಹೊಲಕ್ಕೆ ಗೊಬ್ಬರವನ್ನೂ ಕುರಿಗಾರರಿಗೆ ಜೀವನವನ್ನೂ ಒದಗಿಸುವುವು. ಕುರಿಯು ಸುಮಾರು ೧೫೦ ದಿನ ಗಬ್ಬವಾಗಿರುವುದು. ಈಯುವ ಕಾಲದಲ್ಲಿ ಅದಕ್ಕೆ ಆರೈಕೆಮಾಡದವರಿಲ್ಲ. ಆದರೆ ಹೊಟ್ಟೆಯು ಇನ್ನೂ ಕಾಣದಿರುವ ಮೊದಲ ತಿಂಗಳಿನಲ್ಲಿಯೇ ಮರಿಯ ಅವಯವಗಳು ರೂಪುಗೊಳ್ಳತೊಡಗುವುವೆಂಬುದನ್ನು ಒಕ್ಕಲುಮಕ್ಕಳು ತಿಳಿದಿರುವುದು ಅವಶ್ಯ.

ಮರಿಯು ಮೊದಲಿಗೆ ಒಂದೇ ಜೀವಕಣ. ಅದು ಎರಡಾಗಿ, ನಾಲ್ಕಾಗಿ, ಅಸಂಖ್ಯವಾಗಿ ಒಡೆಯುವುದು. ಕೆಲವು ಕಣಗಳು ಒಂದು ಬಗೆಯ ರಸವನ್ನು ಸ್ರವಿಸಿ ನೆರೆಯ ಕಣಗಳಿಗೆ ಸಂಕೇತವನ್ನು ಕಳುಹಿಸುವುವು. ಕಾಲುವೆಯ ತಲೆಯಲ್ಲಿ ನೀರು ಹೆಚ್ಚಿ ಭತ್ತವೂ, ಕೊನೆಯಲ್ಲಿ ಕಡಮೆಯಾಗಿ ಜೋಳವೂ ಬೆಳೆಯುವಂತೆ, ಸಂಕೇತವು ದೊರೆತ ಪ್ರಮಾಣವನ್ನನುಸರಿಸಿ ಕಣಗಳು ಬೇರೆ ಬೇರೆ ಅಂಗಗಳಾಗುವುವು. ಪಿಂಡವು ತಾಯಿಗೂ ಸಂಕೇತ ಕೊಡುವುದುಂಟು. ೧೨-೧೩ನೆಯ ದಿನದ ಹೊತ್ತಿಗೆ ಅದು ಸ್ರವಿಸುವ ‘ಇಂಟರ್‌ಫೆರಾನ್ ಟೌ’ ಎಂಬ ಪದಾರ್ಥದಿಂದ ಗಬ್ಬವು ನಿಲ್ಲುವುದು. ಈ ಸಂಕೇತವು ಸಾಲದಾದರೆ ಗಬ್ಬವು ನಿಲ್ಲದೆ, ಕುರಿಯು ಸುಮಾರು ೧೭ನೆಯ ದಿನಕ್ಕೆ ಮರಳಿ ಬೆದೆಗೆ ಬರುವುದು.

ಸಂಕೇತವು ನಡುವೆ ಕಡಿದರೆ ಆಗುವ ಅನರ್ಥಕ್ಕೆ ಅಮೆರಿಕದ ಇಡಾಹೊ ಪ್ರಾಂತ್ಯದ ಸಂಗತಿಯೇ ನಿದರ್ಶನ. ಅಲ್ಲಿ ಮಂದೆಗಳಲ್ಲಿ ಒಂದೇ ಕಣ್ಣುಳ್ಳ ಮರಿಗಳು ಹುಟ್ಟುತ್ತಿದ್ದುವು. ಗಬ್ಬದ ೧೪ನೆಯ ದಿನದ ಸುಮಾರಿಗೆ ತಾಯಿಯು ‘ವೆರಾಟ್ರಮ್’ ಎಂಬ ಕಾಡುಗಿಡವನ್ನು ಮೇಯುವುದೇ ಕಾರಣವೆಂದು ಶೋಧಕರು ಕಂಡುಕೊಂಡರು. ಆ ಗಿಡದ ‘ಸೈಕ್ಲೊಪಮೀನ್’ ಎಂಬ ವಿಷವು, ಮುಖವನ್ನು ಎರಡು ಪಾರ್ಶ್ವಗಳಾಗಿಸುವ ‘ಹೆಜ್‌ಹಾಗ್’ ಸಂಕೇತವನ್ನು ತಡೆಯುವುದೆಂದು ೧೯೯೮ರಲ್ಲಿ ಗೊತ್ತಾಯಿತು. ಇದೇ ಸಂಕೇತವು ಬೆಳೆದ ಮನುಷ್ಯನ ಚರ್ಮದಲ್ಲಿ ಅಕಾಲದಲ್ಲಿ ಎಚ್ಚತ್ತರೆ ಒಂದು ಬಗೆಯ ಅರ್ಬುದರೋಗ ಹುಟ್ಟುವುದು. ಅದನ್ನು ತಡೆಯುವ ಔಷಧಕ್ಕೆ ೨೦೧೨ರಲ್ಲಿ ಅಮೆರಿಕದಲ್ಲಿ ಸಮ್ಮತಿ ದೊರೆಯಿತು.

ಇಡಾಹೊದ ಆ ಗಿಡವು ನಮ್ಮ ಗುಡ್ಡಗಳಲ್ಲಿಲ್ಲ. ಆದರೆ ಅಪಾಯವು ಔಷಧದ ಸೀಸೆಯಲ್ಲಿಯೂ ಇರಬಹುದು. ಜಂತುಹುಳುಗಳಿಗೆ ಕುಡಿಸುವ ಆಲ್ಬೆಂಡಜೋಲ್ ಉಪಯುಕ್ತವಾದ ಮದ್ದೇ ಸರಿ. ಆದರೂ ಎಳೆಗಬ್ಬದಲ್ಲಿ ಕೊಟ್ಟರೆ ಜೀವಕಣಗಳು ಒಡೆಯುವ ಕ್ರಮವು ಕೆಟ್ಟು ಮರಿಯು ಅಂಗವಿಕಲವಾಗಬಹುದು.

ಆದುದರಿಂದ ಕುರಿಗಾರರು ಗಮನಿಸತಕ್ಕ ಅಂಶಗಳು:

೧. ಟಗರನ್ನು ವರ್ಷವೆಲ್ಲ ಮಂದೆಯಲ್ಲಿ ಬಿಡದೆ, ಗೊತ್ತಾದ ಕಾಲದಲ್ಲಿ ಮಾತ್ರ ಬಿಡತಕ್ಕದ್ದು.

೨. ಟಗರಿನ ಎದೆಗೆ ಬಣ್ಣ ಬಳಿದರೆ, ಹಾರಿದ ಕುರಿಯ ಬೆನ್ನಿನ ಮೇಲೆ ಗುರುತು ಬೀಳುವುದು. ಆ ದಿನವನ್ನು ಬರೆದಿಡತಕ್ಕದ್ದು.

೩. ಜಂತಿನ ಮದ್ದನ್ನು ಟಗರು ಬಿಡುವುದಕ್ಕೆ ಮೊದಲೇ ಕುಡಿಸಬೇಕು. ಗಬ್ಬದ ಮೊದಲ ೩೦ ದಿನಗಳಲ್ಲಿಯೂ, ಟಗರನ್ನು ಬೇರ್ಪಡಿಸಿದ ಬಳಿಕ ೩೦ ದಿನಗಳವರೆಗೂ ಆಲ್ಬೆಂಡಜೋಲ್ ಕೊಡಲಾಗದು. ಅವಶ್ಯವಾದರೆ ಪಶುವೈದ್ಯರನ್ನು ಕೇಳಿ ಬೇರೆ ಮದ್ದನ್ನು ಉಪಯೋಗಿಸಬೇಕು.

೪. ಈ ತಿಂಗಳಿನಲ್ಲಿ ಕುರಿಗಳನ್ನು ಉರಿಬಿಸಿಲಿನಲ್ಲಿ ದೂರ ನಡೆಯಿಸದೆ, ನೆರಳು, ನೀರು, ಮೇವುಗಳನ್ನು ಸಮನಾಗಿ ಒದಗಿಸಬೇಕು.

ಮೊದಲ ತಿಂಗಳಿನಲ್ಲಿ ಕೆಟ್ಟುದನ್ನು ಐದನೆಯ ತಿಂಗಳಿನ ಆರೈಕೆಯು ಸರಿಪಡಿಸಲಾರದು.