ವಿದೇಶಾಂಗದ ಕನಸು, ಸಾಲದ ಲೆಕ್ಕ

ಪಿಯುಸಿ ನಂತರ ಅಂತಾರಾಷ್ಟ್ರೀಯ ಸಂಬಂಧಗಳ ಪದವಿ ಓದಬೇಕೆನ್ನುವ ಗೆಳೆಯರೇ, ಮೊದಲು ಒಂದು ಲೆಕ್ಕ ಹಾಕಿ. ಶೇ. 10ರ ಬಡ್ಡಿಯ 10 ಲಕ್ಷ ರೂ. ಸಾಲವನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,200 ರೂ. ಕಂತು ಕಟ್ಟಬೇಕು. ಓದುವಾಗ ಬೆಳೆಯುವ ಬಡ್ಡಿ ಬೇರೆ. ಮೊದಲ ಸಂಬಳ 25,000 ರೂ. ಆದರೆ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಯಿತು.

ಏಳನೇ ವೇತನ ಆಯೋಗದಂತೆ ಐಎಫ್‌ಎಸ್ ಅಧಿಕಾರಿಯ ಆರಂಭದ ಮೂಲ ವೇತನ 56,100 ರೂ. ಆದರೆ ಆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಯಾವ ಪದವಿಯಾದರೂ ಸಾಕು. 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದ ನಿರುಪಮಾ ರಾವ್ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಬಿಎ.

ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಸರ್ಕಾರಿ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಬಿಎ ಮಾಡಿ, ಈ ವಿಷಯವನ್ನು ಎಂಎಯಲ್ಲಿ ಓದಬಹುದು. ಸಾಲದ ಅರ್ಜಿಗೆ ಮನೆಯವರು ಸಹಿ ಹಾಕುವ ಮುನ್ನ ಅವರೊಂದಿಗೆ ಕೂತು ಈ ಲೆಕ್ಕ ಮಾಡಿ.