ಮೂಳೆ ಕಡಿಯುವ ಹಸು ಹುಡುಕುವುದೇನನ್ನು?

ಮೇಯಲು ಬಿಟ್ಟ ಹಸು ಹುಲ್ಲನ್ನು ಬಿಟ್ಟು ಒಣಮೂಳೆಯನ್ನೋ, ಹರಕು ಬಟ್ಟೆಯನ್ನೋ, ಹಳೇ ಚಪ್ಪಲಿಯನ್ನೋ ಚಪ್ಪರಿಸುತ್ತ ನಿಂತಿರುವುದನ್ನು ಬಯಲುಸೀಮೆಯ ಮಕ್ಕಳು ನೋಡಿಯೇ ಇರುತ್ತಾರೆ. ದೊಡ್ಡವರು 'ಕೆಟ್ಟ ಚಟ' ಎಂದು ಗದರಿಸಿ ಕಿತ್ತುಕೊಳ್ಳುತ್ತಾರೆ. ಪಶುವೈದ್ಯರನ್ನು ಕೇಳಿ. ಬಹಳಷ್ಟು ಸಲ ಅದು ರಂಜಕದ, ಅಂದರೆ ಫಾಸ್ಫರಸ್ಸಿನ ಹಸಿವು ಎನ್ನುತ್ತಾರೆ.

ದಕ್ಷಿಣ ಆಫ್ರಿಕಾದಲ್ಲಿ ಹಿಂದೆ ಇಂಥ ದನಗಳು ಗುಂಪುಗುಂಪಾಗಿ ಸಾಯುತ್ತಿದ್ದವು. 1920ರ ಆಸುಪಾಸಿನಲ್ಲಿ ಅರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿ ಇದರ ಬೆನ್ನು ಹತ್ತಿದರು. ಅಲ್ಲಿನ ಮಣ್ಣಿನಲ್ಲಿ ರಂಜಕ ಕಡಿಮೆ, ಆದ್ದರಿಂದ ಹುಲ್ಲಿನಲ್ಲೂ ಕಡಿಮೆ. ಕೊರತೆ ತಾಳಲಾರದೆ ದನಗಳು ಸತ್ತ ಪ್ರಾಣಿಗಳ ಮೂಳೆ ಕಡಿಯುತ್ತಿದ್ದವು, ಮೂಳೆಗಂಟಿದ ಬ್ಯಾಕ್ಟೀರಿಯಾದ ವಿಷದಿಂದ ಸಾಯುತ್ತಿದ್ದವು. ರಂಜಕ ಒದಗಿಸಿದಾಗ ಮೂಳೆಯ ಹುಚ್ಚೂ ಹೋಯಿತು, ಸಾವೂ ಇಳಿಯಿತು. (ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಥೈಲರ್ ಇವರ ಮಗ.)

ನಮ್ಮ ಚಿತ್ರದುರ್ಗ ಜಿಲ್ಲೆಗೆ ಬರೋಣ. ಮಳೆ ಕೈಕೊಟ್ಟ ವರ್ಷ ಹಿರಿಯೂರಿನ ಎರೆಹೊಲವಾಗಲಿ, ಹೊಸದುರ್ಗದ ಕೆಂಪುಮಣ್ಣಾಗಲಿ, ಹಟ್ಟಿಯ ದನಕ್ಕೆ ಗತಿ ರಾಗಿ ಹುಲ್ಲು, ಜೋಳದ ದಂಟು. ಎರೆಮಣ್ಣಿನ ಸುಣ್ಣವೂ ಕೆಂಪುಮಣ್ಣಿನ ಕಬ್ಬಿಣವೂ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಣಹುಲ್ಲಿನಲ್ಲಿ ಕಿಲೋಗೆ ಒಂದು ಗ್ರಾಂ ಆಸುಪಾಸು ರಂಜಕವಿದ್ದರೆ ಹೆಚ್ಚು.

ಈಗ ಒಂದು ಮನೆಲೆಕ್ಕ. ಒಂದು ಲೀಟರ್ ಹಾಲಿನಲ್ಲಿ ಸುಮಾರು 0.9 ಗ್ರಾಂ ರಂಜಕ ಹೊರಗೆ ಹೋಗುತ್ತದೆ. ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸು ದಿನಕ್ಕೆ 9 ಗ್ರಾಂ ಕೊಟ್ಟಂತಾಯಿತು. ಅದರ ದೇಹವೂ ನಡೆಯಬೇಕು, ತಿಂದದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಹಾಗಾಗಿ ಮೇವಿನಲ್ಲಿ 25ರಿಂದ 30 ಗ್ರಾಂ ಇರಬೇಕು. ಎಂಟು ಕಿಲೋ ಹುಲ್ಲಿನಿಂದ ಬರುವುದು ಎಂಟು ಗ್ರಾಂ. ಉಳಿದದ್ದು? ಹಸು ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ದೇಹದ ರಂಜಕದಲ್ಲಿ ಶೇಕಡಾ 80ರಷ್ಟು ಮೂಳೆ, ಹಲ್ಲುಗಳಲ್ಲೇ ಇರುವುದು. ಆ ಉಗ್ರಾಣ ಬರಿದಾದಂತೆ ಹಾಲು ಇಳಿಯುತ್ತದೆ, ಹಸು ಬೆದೆಗೆ ಬರುವುದು ತಡವಾಗುತ್ತದೆ. ಕರು ಹಾಕಿದ ಕೆಲವು ವಾರಗಳಲ್ಲಿ ಎಮ್ಮೆಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದಕ್ಕೂ ಇದೇ ಕಾರಣವಿರಬಹುದು. ಉಣ್ಣೆಯಿಂದ ಹರಡುವ ಜ್ವರದಲ್ಲೂ ಮೂತ್ರ ಕೆಂಪಾಗುವುದರಿಂದ ತಡಮಾಡದೆ ವೈದ್ಯರನ್ನು ಕರೆಯಬೇಕು.

ಇನ್ನೊಂದು ಮನೆ ನೋಡಿ. ಅದೇ ಹುಲ್ಲಿನ ಜೊತೆ ಎರಡು ಕಿಲೋ ಗೋಧಿ ಬೂಸಾ, ಒಂದು ಕಿಲೋ ಶೇಂಗಾ ಹಿಂಡಿ. ಬೂಸಾದಲ್ಲಿ ಕಿಲೋಗೆ ಸುಮಾರು 10 ಗ್ರಾಂ, ಹಿಂಡಿಯಲ್ಲಿ 6 ಗ್ರಾಂ. ಅಲ್ಲಿಗೆ ಲೆಕ್ಕ ತುಂಬಿತು! ಇದರ ಮೇಲೂ ರಂಜಕದ ಪುಡಿ ಸುರಿದರೆ ಅದು ಸೆಗಣಿಗೆ ಹೋಗುತ್ತದೆ, ದುಡ್ಡೂ ಜೊತೆಗೆ. ಈ ಹಸುವಿಗೆ ಕೊರತೆಯಾಗುವುದು ಸುಣ್ಣದಂಶ, ಏಕೆಂದರೆ ಬೂಸಾದಲ್ಲಿ ಅದು ತೀರ ಕಡಿಮೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವಿಗೆ ತಕ್ಕ ಖನಿಜ ಮಿಶ್ರಣ ಬೇಕೆನ್ನುವುದು ಇದಕ್ಕೇ. ಎಲ್ಲ ಊರಿಗೂ ಒಂದೇ ಚೀಲ ಎನ್ನುವುದು ಮಾರುವವರಿಗೆ ಅನುಕೂಲ, ಅಷ್ಟೆ.

ಅಂದಹಾಗೆ, ಗೊಬ್ಬರದ ಅಂಗಡಿಯ ಸೂಪರ್ ಫಾಸ್ಫೇಟನ್ನು ದನಕ್ಕೆ ತಿನ್ನಿಸುವ ಜಾಣತನ ಬೇಡ. ಶಿಲಾರಂಜಕದಲ್ಲಿ ಫ್ಲೋರೈಡ್ ಇರುತ್ತದೆ. ಅದು ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಮೊದಲೇ ಅದು ಸಾಕಷ್ಟಿದೆ. ಮೇವಿಗೆಂದೇ ಶುದ್ಧಮಾಡಿದ ಡೈಕ್ಯಾಲ್ಸಿಯಂ ಫಾಸ್ಫೇಟ್ ಬೇರೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಕಾಳು, ತೌಡುಗಳಲ್ಲಿನ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳ ಬಳಿ ಅದರ ಬೀಗದಕೈ ಇದೆ, ಫೈಟೇಸ್ ಎಂಬ ಕಿಣ್ವ. ಸಾಲದ್ದಕ್ಕೆ ಹಸು ರಕ್ತದ ರಂಜಕವನ್ನು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿ ಆ ಸೂಕ್ಷ್ಮಾಣುಗಳನ್ನು ಸಾಕುತ್ತದೆ. ಕೋಳಿಗೆ ಈ ಭಾಗ್ಯವಿಲ್ಲ. ಹೊಳಲ್ಕೆರೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳಕ್ಕೆ ದೊಡ್ಡ ಗಿರಾಕಿಯೆಂದರೆ ಕೋಳಿ ಆಹಾರದ ಕಾರ್ಖಾನೆಗಳೇ. ಆ ಜೋಳದ ರಂಜಕವನ್ನು ಕೋಳಿ ಬಹುಪಾಲು ಹಿಕ್ಕೆಯಲ್ಲಿ ಹೊರಹಾಕುತ್ತದೆ. ಅದು ಕೆರೆ ಸೇರಿದರೆ ಪಾಚಿ ಹಬ್ಬುತ್ತದೆ. 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂದ ಫೈಟೇಸ್ ಪುಡಿಯನ್ನು ಈಗ ನಮ್ಮಲ್ಲೂ ಕೋಳಿ ಆಹಾರಕ್ಕೆ ಬೆರೆಸುತ್ತಾರೆ. ಅಷ್ಟರಮಟ್ಟಿಗೆ ಹೊರಗಿನ ಫಾಸ್ಫೇಟ್ ಉಳಿಯುತ್ತದೆ. ಭಾರತ ಬಳಸುವ ಶಿಲಾರಂಜಕದ ಬಹುಭಾಗ ಹಡಗಿನಲ್ಲಿ ಹೊರದೇಶದಿಂದ ಬರುವಂಥದ್ದು ಎಂಬುದನ್ನು ನೆನೆದರೆ ಇದು ಸಣ್ಣ ಉಳಿತಾಯವಲ್ಲ.

ಹೊಟ್ಟೆಗೆ ದಕ್ಕದ ರಂಜಕವನ್ನು ಹೊಲಕ್ಕೆ ಮರಳಿಸುವ ವಿದ್ಯೆ ಮಾತ್ರ ಇಲ್ಲಿ ಹಳೆಯದು. ಸುಗ್ಗಿ ಮುಗಿದ ಮೇಲೆ ರೈತರು ಕುರಿಗಾಹಿಗಳನ್ನು ಕರೆದು ಹೊಲದಲ್ಲಿ ಮಂದೆ ತರುಬಿಸುತ್ತಾರೆ. ಬಯಲಲ್ಲಿ ಅಡ್ಡಾಡಿ ಮೇಯ್ದ ಕುರಿಗಳ ಹಿಕ್ಕೆ, ಗಂಜಳ ರಾತ್ರಿಯಿಡೀ ಒಂದೇ ಕಡೆ ಬೀಳುತ್ತದೆ. ಮರುದಿನ ಬೇಲಿ ಕಿತ್ತು ಮಂದೆಯನ್ನು ನಾಲ್ಕು ಮಾರು ಆಚೆಗೆ ಸರಿಸುತ್ತಾರೆ. ಕುರಿಗಾಹಿಗೆ ರಾತ್ರಿಯ ಲೆಕ್ಕದಲ್ಲಿ ಕಾಳೋ ಕಾಸೋ ಸಲ್ಲುತ್ತದೆ.