ಸಂಸಾರದ ಕಾರು ಮತ್ತು ಇಂಧನದ ಲೆಕ್ಕ

ಮನೆ ಕಟ್ಟಿಸುವುದು ಮತ್ತು ಮಕ್ಕಳ ಮದುವೆ ಮಾಡುವುದು ಮಧ್ಯಮ ವರ್ಗದ ಗೃಹಸ್ಥನ ಬಾಳಿನ ಎರಡು ದೊಡ್ಡ ವೆಚ್ಚಗಳೆಂದು ಹಿರಿಯರು ಹೇಳುತ್ತಿದ್ದರು. ಈಗ ಅವುಗಳ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ, ಅದು ಕಾರು. ಒಂದು ಕಾಲಕ್ಕೆ ಸಿರಿವಂತರ ಅಂಗಳದಲ್ಲಿ ಮಾತ್ರ ಕಾಣುತ್ತಿದ್ದ ಈ ವಾಹನವನ್ನು ಇಂದು ಕಾಲೇಜು ಅಧ್ಯಾಪಕರೂ ಬ್ಯಾಂಕಿನ ನೌಕರರೂ ಸಣ್ಣ ವ್ಯಾಪಾರಿಗಳೂ ಸಾಲ ಮಾಡಿ ಕೊಳ್ಳುತ್ತಿದ್ದಾರೆ. ವಯಸ್ಸಾದ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ವರ್ಷಕ್ಕೊಮ್ಮೆ ಕೂಡಲಸಂಗಮಕ್ಕೋ ಸಿದ್ಧಗಂಗೆಗೋ ಎಲ್ಲರೂ ಕೂಡಿ ಹೋಗಬೇಕು, ಹಬ್ಬಕ್ಕೆ ಊರು ಸೇರಬೇಕು. ಐವರು ಕುಳಿತು, ಹಿಂದಿನ ಡಿಕ್ಕಿಯಲ್ಲಿ ಗಂಟುಮೂಟೆ ಇಟ್ಟು ಸಾಗಲು ತಕ್ಕದ್ದೆಂದು ಮಧ್ಯಮ ಗಾತ್ರದ ಸೆಡಾನ್ ಕಾರು ಅನೇಕ ಮನೆಗಳ ಆಯ್ಕೆಯಾಗಿದೆ.

ಈ ಕಾರನ್ನು ಕೊಳ್ಳ ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಸರ್ವವಿದಿತ: “ಲೀಟರಿಗೆ ಎಷ್ಟು ಕೊಡುತ್ತದೆ?” ಪ್ರಶ್ನೆ ಯೋಗ್ಯವಾದದ್ದೇ. ಆದರೆ ಅದು ಅರ್ಧ ಪ್ರಶ್ನೆ. “ನಮ್ಮ ಮನೆಯ ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರು ಓಡುತ್ತದೆ?” ಎಂಬುದು ಉಳಿದರ್ಧ. ಇದಕ್ಕೆ ಉತ್ತರಿಸಬಲ್ಲವರು ಮಾರುವವರಲ್ಲ, ಕೊಳ್ಳುವವರೇ. ಈ ಉಳಿದರ್ಧವನ್ನು ಕೇಳಿಕೊಳ್ಳದೆ ಇಂಧನ ಉಳಿಸಲೆಂದು ಹೆಚ್ಚು ಹಣ ತೆತ್ತ ಸಂಸಾರಗಳು ಕಡಿಮೆಯಿಲ್ಲ. ಕಳೆದ ಹದಿನೈದು ವರ್ಷಗಳ ಇತಿಹಾಸವೇ ಇದಕ್ಕೆ ಸಾಕ್ಷಿ.

ಡೀಸೆಲ್ ಮೋಹದ ದಿನಗಳು

ನಮ್ಮ ದೇಶದಲ್ಲಿ ಬಹುಕಾಲ ಪೆಟ್ರೋಲ್ ಮತ್ತು ಡೀಸೆಲ್ ಬೆಲೆಗಳನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. 2010ರ ಜೂನ್ ತಿಂಗಳಲ್ಲಿ ಪೆಟ್ರೋಲ್ ಬೆಲೆಯನ್ನು ನಿಯಂತ್ರಣದಿಂದ ಬಿಡುಗಡೆ ಮಾಡಲಾಯಿತು. ಡೀಸೆಲ್ ಮಾತ್ರ ನಿಯಂತ್ರಣದಲ್ಲಿಯೇ ಉಳಿಯಿತು. ಪರಿಣಾಮವಾಗಿ ಪೆಟ್ರೋಲ್ ಏರುತ್ತ ಹೋಯಿತು, ಡೀಸೆಲ್ ಹಿಂದೆಯೇ ನಿಂತಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ 73 ರೂಪಾಯಿ ದಾಟಿದಾಗ ಡೀಸೆಲ್ ಬೆಲೆ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಲೀಟರಿಗೆ 32 ರೂಪಾಯಿಗಳ ಅಂತರ!

ಕೊಳ್ಳುವವರ ಮನಸ್ಸು ಡೀಸೆಲ್ ಕಡೆಗೆ ಹರಿದುದರಲ್ಲಿ ಆಶ್ಚರ್ಯವಿಲ್ಲ. ಹುಂಡೈ ವೆರ್ನಾ, ಫೋಕ್ಸ್‌ವ್ಯಾಗನ್ ವೆಂಟೊ, ಸ್ಕೋಡಾ ರ‍್ಯಾಪಿಡ್ ಕಾರುಗಳ ಡೀಸೆಲ್ ಮಾದರಿಗಳು ಜನಪ್ರಿಯವಾದವು. 1998ರಲ್ಲಿ ಭಾರತಕ್ಕೆ ಬಂದು ಪೆಟ್ರೋಲ್ ಎಂಜಿನ್ನಿಗೇ ಹೆಸರಾಗಿದ್ದ ಹೋಂಡಾ ಸಿಟಿ ಕೂಡ ಈ ಪ್ರವಾಹಕ್ಕೆ ತಲೆಬಾಗಿ, 2014ರ ಜನವರಿಯಲ್ಲಿ ಮೊದಲ ಬಾರಿಗೆ ಡೀಸೆಲ್ ಎಂಜಿನ್ ಧರಿಸಿತು. ಅದೇ ವರ್ಷ ಬಂದ ಮಾರುತಿ ಸಿಯಾಜ್ ಎರಡೂ ಇಂಧನಗಳಲ್ಲಿ ದೊರೆಯಿತು.

ಅಗ್ಗದ ಇಂಧನ ಯಾರ ಪಾಲಿನದು?

ಇಲ್ಲಿ ಒಂದು ನೈತಿಕ ಪ್ರಶ್ನೆಯೂ ಅಡಗಿತ್ತು. ಡೀಸೆಲ್ ಬೆಲೆಯನ್ನು ಸರ್ಕಾರ ಇಳಿಸಿ ಇಟ್ಟದ್ದು ರೈತನ ಪಂಪ್‌ಸೆಟ್ಟಿಗಾಗಿ, ಟ್ರ್ಯಾಕ್ಟರಿಗಾಗಿ, ಧಾನ್ಯ ಸಾಗಿಸುವ ಲಾರಿಗಾಗಿ, ಬಡವರು ಪ್ರಯಾಣಿಸುವ ಬಸ್ಸಿಗಾಗಿ. ಆ ರಿಯಾಯಿತಿಯ ಭಾರ ಬಿದ್ದುದು ಸಾರ್ವಜನಿಕ ಬೊಕ್ಕಸದ ಮೇಲೆ. ಹತ್ತು ಲಕ್ಷದ ಕಾರಿನಲ್ಲಿ ಓಡಾಡುವವರು ಅದೇ ಬಂಕಿನಲ್ಲಿ ಅದೇ ದರಕ್ಕೆ ಟ್ಯಾಂಕು ತುಂಬಿಸಿಕೊಂಡಾಗ, ದುಡಿಯುವವನಿಗೆಂದು ಮೀಸಲಿಟ್ಟ ಬುತ್ತಿಯಲ್ಲಿ ಉಳ್ಳವರು ಕೈಹಾಕಿದಂತಾಯಿತು. ಕಿರೀಟ್ ಪಾರಿಖ್ ಅವರ ನೇತೃತ್ವದ ತಜ್ಞರ ಸಮಿತಿಯು 2010ರಲ್ಲಿಯೇ ಇದನ್ನು ಗುರುತಿಸಿ, ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿಗಳ ಹೆಚ್ಚುವರಿ ಅಬಕಾರಿ ಸುಂಕ ವಿಧಿಸಬೇಕೆಂದು ಸಲಹೆ ಮಾಡಿತ್ತು. ಆ ಸಲಹೆ ಹಾಗೆಯೇ ಜಾರಿಯಾಗಲಿಲ್ಲ. ಕಾನೂನು ತಡೆಯದಿದ್ದುದರಿಂದ ಕೊಂಡವರನ್ನು ಅಪರಾಧಿಗಳೆನ್ನಲಾಗದು. ಆದರೆ ಕಾಯಕ ದಾಸೋಹಗಳ ಮಾತನಾಡುವ ನಮ್ಮಂಥವರು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಇರುವುದೂ ಸಲ್ಲದು.

ಕಾಗದದ ಮೇಲೆ ಲೆಕ್ಕ

ನೈತಿಕ ಪ್ರಶ್ನೆಯನ್ನು ಬದಿಗಿಟ್ಟರೂ, ಡೀಸೆಲ್ ಕಾರು ಕೊಂಡವರಿಗೆಲ್ಲ ಲಾಭವಾಯಿತೇ? ಒಂದು ಲೆಕ್ಕ ಹಾಕಿ ನೋಡೋಣ. 2014ರಲ್ಲಿ ಹೋಂಡಾ ಸಿಟಿಯ ಆರಂಭದ ಪೆಟ್ರೋಲ್ ಮಾದರಿಯ ಬೆಲೆ ದೆಹಲಿಯ ಶೋರೂಮಿನಲ್ಲಿ 7.42 ಲಕ್ಷ ರೂಪಾಯಿ. ಡೀಸೆಲ್ ಮಾದರಿಯದು 8.62 ಲಕ್ಷ. ಅಂದರೆ 1,20,000 ರೂಪಾಯಿ ಹೆಚ್ಚು. ಪ್ರಕಟಿತ ಮೈಲೇಜ್ ಪೆಟ್ರೋಲಿಗೆ 17.8, ಡೀಸೆಲ್‌ಗೆ 26 ಕಿಲೋಮೀಟರು. ಇವು ಪ್ರಯೋಗಶಾಲೆಯ ಅಂಕಿಗಳು. ನಮ್ಮ ರಸ್ತೆ, ಉಬ್ಬುತಗ್ಗು, ಎ.ಸಿ. ಎಲ್ಲವನ್ನೂ ಗಣಿಸಿ ಪೆಟ್ರೋಲಿಗೆ 13, ಡೀಸೆಲ್‌ಗೆ 18 ಎಂದು ಹಿಡಿಯೋಣ.

2012ರ ಆ ದರಗಳಲ್ಲಿ ಪೆಟ್ರೋಲ್ ಕಾರು ಒಂದು ಕಿಲೋಮೀಟರು ಓಡಲು ಸುಮಾರು 5 ರೂಪಾಯಿ 60 ಪೈಸೆ, ಡೀಸೆಲ್ ಕಾರು 2 ರೂಪಾಯಿ 30 ಪೈಸೆ. ಕಿಲೋಮೀಟರಿಗೆ ಉಳಿತಾಯ 3 ರೂಪಾಯಿ 30 ಪೈಸೆಗೂ ತುಸು ಹೆಚ್ಚು. ಮೊದಲು ಕೊಟ್ಟ ಹೆಚ್ಚಿನ ಹಣ ಹಿಂದಿರುಗಿ ಬರಬೇಕಾದರೆ ಸುಮಾರು 36,000 ಕಿಲೋಮೀಟರು ಓಡಬೇಕು. ತಿಂಗಳಿಗೆ 2,000 ಕಿಲೋಮೀಟರು ತಿರುಗುವ ಗುತ್ತಿಗೆದಾರರಿಗೋ ಔಷಧ ಪ್ರತಿನಿಧಿಗಳಿಗೋ ಇದು ಒಂದೂವರೆ ವರ್ಷದ ಮಾತು. ತಿಂಗಳಿಗೆ 600 ಕಿಲೋಮೀಟರು ಓಡಿಸುವ ಗೃಹಸ್ಥನಿಗೆ ಐದು ವರ್ಷ ಬೇಕು. ಹೆಚ್ಚು ಬೆಲೆಯ ಕಾರಿಗೆ ಹೆಚ್ಚು ವಿಮೆ, ಹೆಚ್ಚು ಬಡ್ಡಿ, ಬೆಲೆಯ ಶೇಕಡಾ ಲೆಕ್ಕದಲ್ಲಿ ಏರುವ ಆಜೀವ ರಸ್ತೆ ತೆರಿಗೆ ಇವೆಲ್ಲ ಬೇರೆ. ಹೀಗೆ ಒಂದೇ ಕಾರು ಒಬ್ಬರಿಗೆ ಜಾಣತನದ ಆಯ್ಕೆ, ಇನ್ನೊಬ್ಬರಿಗೆ ಅನವಶ್ಯಕ ಹೊರೆ.

ಅಂತರ ಕರಗಿದಾಗ

ಕೊಂಡವರು ಮರೆತ ಇನ್ನೊಂದು ಸಂಗತಿಯಿದೆ. ಕಾರು ಹತ್ತು ವರ್ಷ ಬಾಳುತ್ತದೆ. ಇಂಧನದ ದರ ಹತ್ತು ವರ್ಷ ಒಂದೇ ತೆರನಾಗಿ ಇರುವುದಿಲ್ಲ. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತ ಬರಲಾಯಿತು. 2014ರ ಅಕ್ಟೋಬರ್ ತಿಂಗಳಲ್ಲಿ ಅದನ್ನೂ ನಿಯಂತ್ರಣದಿಂದ ಬಿಡುಗಡೆ ಮಾಡಲಾಯಿತು. ಕಚ್ಚಾ ತೈಲದ ಬೆಲೆ ಕುಸಿದಿದ್ದ 2016ರ ಆರಂಭದಲ್ಲಿ ದೆಹಲಿಯ ದರಗಳು ಸುಮಾರು 59 ಮತ್ತು 45 ರೂಪಾಯಿ. ಅಂತರ 32ರಿಂದ 14ಕ್ಕೆ ಇಳಿದಿತ್ತು. ಮೇಲಿನ ಲೆಕ್ಕವನ್ನೇ ಈ ದರಗಳಲ್ಲಿ ಮಾಡಿದರೆ, ಹೆಚ್ಚಿನ ಹಣ ಮರಳಲು ಸುಮಾರು 59,000 ಕಿಲೋಮೀಟರು ಬೇಕು. ತಿಂಗಳಿಗೆ 600 ಓಡಿಸುವ ಸಂಸಾರಕ್ಕೆ ಅದು ಎಂಟು ವರ್ಷಗಳಿಗೂ ಮೀರಿದ ದಾರಿ!

2017ರ ಜೂನ್ 16ರಿಂದ ದೇಶಾದ್ಯಂತ ಬೆಲೆಯನ್ನು ದಿನದಿನವೂ ಪರಿಷ್ಕರಿಸುವ ಪದ್ಧತಿ ಬಂದಿತು. ರಾಜ್ಯಗಳ ತೆರಿಗೆಯೂ ದರವನ್ನು ಅಲುಗಿಸುತ್ತದೆ. 2024ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಾರಾಟ ತೆರಿಗೆಯನ್ನು ಹೆಚ್ಚಿಸಿದಾಗ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ಒಮ್ಮೆಲೇ ಸುಮಾರು 3 ರೂಪಾಯಿ ಏರಿ 102 ರೂಪಾಯಿಯನ್ನು ದಾಟಿತು.

ಇದರ ನಡುವೆ ಮಾಲಿನ್ಯದ ಪ್ರಶ್ನೆಯೂ ಎದ್ದಿತು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2015ರಲ್ಲಿ ಆದೇಶಿಸಿತು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಯಾದಾಗ ಡೀಸೆಲ್ ಹೊಗೆಯನ್ನು ಶುದ್ಧಗೊಳಿಸುವ ಸಾಧನಗಳ ವೆಚ್ಚ ಏರಿತು. ಮಾರುತಿ ಸಂಸ್ಥೆ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. 2023ರ ಏಪ್ರಿಲ್‌ನಲ್ಲಿ ರಸ್ತೆಯ ಮೇಲಿನ ನೈಜ ಹೊಗೆಯನ್ನು ಅಳೆಯುವ ನಿಯಮ ಬಂದಿತು. ಆ ವರ್ಷ ಸಿಟಿಯ ಡೀಸೆಲ್ ಮಾದರಿ ನಿಂತಿತು. ಹೊಸ ವೆರ್ನಾ ಪೆಟ್ರೋಲಿನಲ್ಲಿ ಮಾತ್ರ ಬಂದಿತು. ಹತ್ತು ವರ್ಷಗಳ ಹಿಂದೆ ಎಲ್ಲರೂ ಬಯಸಿದ್ದ ಡೀಸೆಲ್, ಮಧ್ಯಮ ಸೆಡಾನ್‌ಗಳ ಸಾಲಿನಿಂದ ಹೀಗೆ ಕಣ್ಮರೆಯಾಯಿತು.

ಹೊಸ ವೇಷದ ಹಳೆಯ ಪ್ರಶ್ನೆ

ಡೀಸೆಲ್ ಹೋದರೂ ಪ್ರಶ್ನೆ ಹೋಗಲಿಲ್ಲ; ಹೈಬ್ರಿಡ್ ಎಂಬ ಹೊಸ ವೇಷದಲ್ಲಿ ಬಂದಿದೆ. 2022ರ ಮೇ ತಿಂಗಳಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿ ಸುಮಾರು 19.5 ಲಕ್ಷ ರೂಪಾಯಿಗೆ ಬಂದಿತು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಇರುವ ಇದರ ಪ್ರಕಟಿತ ಮೈಲೇಜ್ ಆಗ ಲೀಟರಿಗೆ 26.5 ಕಿಲೋಮೀಟರು ಇತ್ತು. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಿಕೊಳ್ಳುವುದು ಇದರ ಗುಟ್ಟು. ಪೆಟ್ರೋಲ್ ಮಾದರಿಗಿಂತ ಬೆಲೆ ಆಗ ಸುಮಾರು 4 ಲಕ್ಷ ಹೆಚ್ಚಿತ್ತು. ಸುರಕ್ಷತೆಯ ಸಾಧನಗಳೂ ಆಗ ಹೆಚ್ಚಿದ್ದವು ಎಂಬುದು ನಿಜ.

ಲೆಕ್ಕದ ಅನುಕೂಲಕ್ಕೆ ಪೆಟ್ರೋಲ್ ದರ 100 ರೂಪಾಯಿ ಎನ್ನೋಣ. ವಾಸ್ತವದಲ್ಲಿ ಹೈಬ್ರಿಡ್ 21, ಸಾಮಾನ್ಯ ಪೆಟ್ರೋಲ್ ಕಾರು 13 ಕೊಡುತ್ತದೆಂದು ಹಿಡಿದರೆ ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 90 ಪೈಸೆ. ನಾಲ್ಕು ಲಕ್ಷ ಮರಳಲು 1,36,000 ಕಿಲೋಮೀಟರಿಗೂ ಹೆಚ್ಚು ಓಡಬೇಕು. ತಿಂಗಳಿಗೆ 1,000 ಓಡಿಸುವವರಿಗೆ ಹನ್ನೊಂದು ವರ್ಷ. ಆದರೆ ಬೆಂಗಳೂರಿನ ವಾಹನ ದಟ್ಟಣೆಯಲ್ಲಿಯೇ ದಿನವೂ ತೆವಳುವವರ ಮಾತು ಬೇರೆ. ಅಲ್ಲಿ ಸಾಮಾನ್ಯ ಕಾರು 10ಕ್ಕೆ ಇಳಿದು ಹೈಬ್ರಿಡ್ 20 ಕೊಟ್ಟರೆ, 80,000 ಕಿಲೋಮೀಟರಿಗೇ ಹಣ ಮರಳುತ್ತದೆ. ಹಾವೇರಿಯ ಹೆದ್ದಾರಿಗೂ ಬೆಂಗಳೂರಿನ ಹೆಬ್ಬಾಳಕ್ಕೂ ಒಂದೇ ಉತ್ತರವಿಲ್ಲ.

ನುಡಿ ಒಂದು, ನಡೆ ಇನ್ನೊಂದು

ಇಂಧನದ ದುಬಾರಿತನವನ್ನು ಕುರಿತು ಮಾತನಾಡುವ ನಾವು, ಕೊಳ್ಳುವಾಗ ಬೇರೆಯೇ ದಾರಿ ಹಿಡಿಯುವುದೂ ಉಂಟು. ಈಚಿನ ವರ್ಷಗಳಲ್ಲಿ ಅನೇಕ ಕುಟುಂಬಗಳು ಸೆಡಾನ್ ಬಿಟ್ಟು ಎತ್ತರದ ಎಸ್‌ಯುವಿ ವಾಹನಗಳತ್ತ ತಿರುಗಿವೆ. ಸಿಯಾಜ್ ಕಾರಿನ ತಯಾರಿಕೆ 2025ರಲ್ಲಿ ನಿಂತುಹೋಯಿತು. ಎತ್ತರದ ವಾಹನ ಗಾಳಿಯನ್ನು ಹೆಚ್ಚು ಎದುರಿಸಬೇಕು; ತೂಕವೂ ಸಾಮಾನ್ಯವಾಗಿ ಹೆಚ್ಚು. ಹೋಂಡಾದ ಸಿಟಿ ಸೆಡಾನ್ ಮತ್ತು 2023ರಲ್ಲಿ ಬಂದ ಎಲಿವೇಟ್, ಎರಡರಲ್ಲಿಯೂ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು ಒಂದೇ. ಆದರೆ ಕೈಗೇರಿನ ಸಿಟಿಗೆ ಪ್ರಕಟಿತ ಮೈಲೇಜ್ 17.8, ಎಲಿವೇಟಿಗೆ 15.31. ವರ್ಷಕ್ಕೆ 12,000 ಕಿಲೋಮೀಟರು ಓಡಿಸಿದರೆ ಸುಮಾರು 110 ಲೀಟರ್ ಹೆಚ್ಚು, ಅಂದರೆ ಸುಮಾರು 11,000 ರೂಪಾಯಿ. ಹಳ್ಳಿಯ ಕೆಟ್ಟ ರಸ್ತೆಗೆ, ಮೊಣಕಾಲು ನೋವಿನ ಹಿರಿಯರು ಹತ್ತಿ ಇಳಿಯುವುದಕ್ಕೆ ಎತ್ತರದ ವಾಹನ ಬೇಕಾಗಿದ್ದರೆ ಆ ವೆಚ್ಚ ಸಾರ್ಥಕ. ನೆರೆಮನೆಯವರು ಕೊಂಡರೆಂಬುದೇ ಕಾರಣವಾದರೆ ಅದು ವೃಥಾ ವ್ಯಯ.

ಕಬ್ಬಿನಿಂದ ಬಂದ ಇಂಧನ

ಮೈಲೇಜ್ ಲೆಕ್ಕಕ್ಕೆ ಎಥನಾಲ್ ಎಂಬ ಹೊಸ ಅಂಶವೂ ಸೇರಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ತಲುಪಲಾಯಿತು. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಕಬ್ಬು ಬೆಳೆಗಾರರಿಗೆ ಇದು ಹೊಸದೊಂದು ಮಾರುಕಟ್ಟೆ. ಆದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಳೆಯ ಮಿಶ್ರಣಕ್ಕೆಂದು ರೂಪಿಸಿದ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಳೆಯ ಕಾರು ಕೊಳ್ಳುವವರು ಅದು ಈ ಮಿಶ್ರಣಕ್ಕೆ ಒಗ್ಗುವುದೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಕ್ಷೇಮ.

ಕೊಳ್ಳುವ ಮುನ್ನ

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಈಗಿರುವ ಗಾಡಿಯ ಮೀಟರನ್ನು ಮೂರು ತಿಂಗಳು ಬರೆದಿಟ್ಟು, ತಿಂಗಳ ನಿಜವಾದ ಓಡಾಟವನ್ನು ತಿಳಿಯಬೇಕು. ಊಹೆ ಬೇಡ, ನಮ್ಮ ಊಹೆ ಸಾಮಾನ್ಯವಾಗಿ ವಾಸ್ತವಕ್ಕಿಂತ ದೊಡ್ಡದು. ಎರಡು ಮಾದರಿಗಳ ಬೆಲೆಯ ಅಂತರವನ್ನು ತೆರಿಗೆ, ವಿಮೆ, ಬಡ್ಡಿಗಳ ಸಹಿತ ಬರೆದುಕೊಳ್ಳಬೇಕು. ಆ ಅಂತರವನ್ನು ಕಿಲೋಮೀಟರಿನ ಉಳಿತಾಯದಿಂದ ಭಾಗಿಸಬೇಕು. ಬಂದ ದೂರವನ್ನು ಕ್ರಮಿಸಲು ಐದು ವರ್ಷಗಳಿಗಿಂತ ಹೆಚ್ಚು ಬೇಕಾದರೆ, ಅಗ್ಗದ ಮಾದರಿಯೇ ಲೇಸು. ಐದು ವರ್ಷಗಳಾಚೆಯ ಇಂಧನ ದರವನ್ನು ಮುಂಗಂಡು ಹೇಳಬಲ್ಲವರು ಯಾರೂ ಇಲ್ಲ.

ಕೊಂಡ ಮೇಲೂ ಕೆಲಸವಿದೆ. ಟ್ಯಾಂಕು ಪೂರ್ತಿ ತುಂಬಿಸಿ ಮೀಟರ್ ಗುರುತುಮಾಡಿ, ಮುಂದಿನ ಸಲ ಮತ್ತೆ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರುಗಳಿಂದ ಭಾಗಿಸಿದರೆ ನಿಜವಾದ ಮೈಲೇಜ್ ತಿಳಿಯುತ್ತದೆ. ಟೈರಿನ ಗಾಳಿ ಸರಿಯಾಗಿರಲಿ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಬೇಡ. ದೀರ್ಘ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುವುದು ಒಳಿತು. ಇವಕ್ಕೆ ಒಂದು ಪೈಸೆಯ ಬಂಡವಾಳವೂ ಬೇಡ.

ಕಲ್ಯಾಣದ ಬೀದಿಗಳಲ್ಲಿ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ತಮ್ಮ ಮನೆಗೆ ದಿನಕ್ಕೆಷ್ಟು ಬೇಕೆಂಬುದರ ಖಚಿತ ಅರಿವು ಆ ತಾಯಿಗಿತ್ತು. ಆ ಅರಿವಿದ್ದಲ್ಲಿ ಆಸೆ ದಾರಿ ತಪ್ಪಿಸುವುದಿಲ್ಲ. ಕಾರು ಕೊಳ್ಳುವ ನಿರ್ಧಾರವನ್ನು ಗಂಡಸರೇ ಶೋರೂಮಿನಲ್ಲಿ ಮುಗಿಸಿಬರುವ ರೂಢಿ ಅನೇಕ ಮನೆಗಳಲ್ಲಿದೆ. ಅದರ ಬದಲು ಮನೆಯ ಖರ್ಚುವೆಚ್ಚ ಬಲ್ಲ ಗೃಹಿಣಿಯೂ, ಓದುವ ಮಕ್ಕಳೂ ಕೂಡಿ ಕುಳಿತು ಈ ಲೆಕ್ಕವನ್ನು ಬರೆಯಲಿ. ಸತ್ಯಶುದ್ಧ ಕಾಯಕದಿಂದ ಬಂದ ಹಣ ಎಲ್ಲಿ ಹೋಗುತ್ತದೆ ಎಂಬುದನ್ನು ಬಲ್ಲ ಸಂಸಾರದಲ್ಲಿ, ಮಗಳ ಓದಿಗೂ ದಾಸೋಹಕ್ಕೂ ಒಂದಿಷ್ಟು ಉಳಿದೇ ಉಳಿಯುತ್ತದೆ.